ಹಂದಿಗೆ ಜ್ವರ ಬರುವ ಮುನ್ನ: ಸರ್ಕಾರದ ಹಣದಲ್ಲಿ ಫಾರಂ ಸಜ್ಜುಗೊಳಿಸುವ ಬಗೆ

‘ರೋಗ ಎದುರಿಸಲು ಸಹಾಯಧನ’ ಎಂಬ ಹೆಸರಿನ ಅರ್ಜಿಯನ್ನು ಹುಡುಕಿಕೊಂಡು ನಾನು ಒಂದು ಬೇಸಿಗೆ ಪೂರ್ತಿ ಓಡಾಡಿದೆ. ಶಿಗ್ಗಾವಿಯಿಂದ ಹಾವೇರಿಗೆ, ಹಾವೇರಿಯಿಂದ ಹುಬ್ಬಳ್ಳಿಗೆ. ಅಂಥ ಅರ್ಜಿ ಎಲ್ಲಿಯೂ ಸಿಗಲಿಲ್ಲ. ಹಣ ಇದೆ, ಆದರೆ ಅದು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿದೆ ಎಂದು ತಿಳಿದದ್ದು ಆಮೇಲೆ. ಶೆಡ್ ಕಟ್ಟುವ ಯೋಜನೆಯಲ್ಲಿ ಒಂದಿಷ್ಟು, ಲಸಿಕೆಯ ಕಾರ್ಯಕ್ರಮದಲ್ಲಿ ಒಂದಿಷ್ಟು, ವಿಮೆಯ ಕಂತಿನಲ್ಲಿ, ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮತ್ತು ಎಲ್ಲಕ್ಕಿಂತ ಕೊನೆಗೆ ಪರಿಹಾರದ ಪಟ್ಟಿಯಲ್ಲಿ. ಎಲ್ಲವನ್ನೂ ಒಟ್ಟುಗೂಡಿಸಿಕೊಳ್ಳುವ ಕೆಲಸ ನಮ್ಮದೇ. ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಹತ್ತು ಹಂದಿ ಸಾಕಿದವರಿಂದ ಹಿಡಿದು ನೂರು ತಾಯಿ ಹಂದಿ ಸಾಕಿದವರವರೆಗೆ ಯಾರು ಯಾವ ಬಾಗಿಲು ತಟ್ಟಬೇಕು, ಯಾವ ಕಾಗದ ಕೈಯಲ್ಲಿರಬೇಕು, ಹಣ ಬಂದ ಮೇಲೆ ಅದನ್ನು ಎಲ್ಲಿ ಸುರಿಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಆಫ್ರಿಕನ್ ಹಂದಿ ಜ್ವರ ಇನ್ನೂ ಕಾಲಿಡದ ಕೆನಡಾ ದೇಶ 2022ರಲ್ಲಿ ಅದರ ತಡೆಗೆಂದೇ 4.53 ಕೋಟಿ ಡಾಲರ್‌ವರೆಗೆ ಎತ್ತಿಟ್ಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಂದಿ ಉದ್ಯಮವನ್ನು ಸಜ್ಜುಗೊಳಿಸಲು. ನಮ್ಮಲ್ಲಿ ರೋಗ ಒಳಗೆ ಬಂದಾಗಿದೆ. ಹಾಗಿದ್ದೂ ನಮ್ಮವರ ಮಾತು ‘ಬಂದಾಗ ನೋಡೋಣ’ ಎಂಬಲ್ಲಿಯೇ ನಿಂತಿದೆ.

ಯಾವ ಜ್ವರದ ಮಾತು ಇದು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ. 2009ರಲ್ಲಿ ಮನುಷ್ಯರನ್ನು ಕಾಡಿದ ಎಚ್1ಎನ್1 ಜ್ವರವನ್ನು ನಮ್ಮ ಪತ್ರಿಕೆಗಳು ‘ಹಂದಿ ಜ್ವರ’ ಎಂದೇ ಕರೆದವು. ಈಗಲೂ ಊರಲ್ಲಿ ಹಂದಿಗೆ ಜ್ವರ ಎಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಪಂಚಾಯಿತಿಗೆ ದೂರು ಹೋಗುತ್ತದೆ. ನಾವು ಭಯಪಡಬೇಕಾದ ಎರಡು ಜ್ವರಗಳು ಬೇರೆ: ಕ್ಲಾಸಿಕಲ್ ಹಂದಿ ಜ್ವರ ಮತ್ತು ಆಫ್ರಿಕನ್ ಹಂದಿ ಜ್ವರ. ಎರಡೂ ಮನುಷ್ಯರಿಗೆ ಅಂಟುವುದಿಲ್ಲ. ಇದನ್ನು ನೆರೆಹೊರೆಯವರಿಗೆ ರೋಗ ಬರುವ ಮೊದಲೇ ಹೇಳಿಡಿ, ಬಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಕ್ಲಾಸಿಕಲ್ ಜ್ವರಕ್ಕೆ ಲಸಿಕೆ ಇದೆ. ಆಫ್ರಿಕನ್ ಜ್ವರಕ್ಕೆ ನಮ್ಮ ದೇಶದಲ್ಲಿ ಹಾಕಿಸಬಹುದಾದ ಲಸಿಕೆ ಇಲ್ಲ, ಔಷಧವೂ ಇಲ್ಲ. ಹೊಕ್ಕರೆ ದೊಡ್ಡಿಯ ಬಹುತೇಕ ಎಲ್ಲ ಹಂದಿಗಳೂ ಸಾಯಬಹುದು. 1921ರಲ್ಲಿ ಕೀನ್ಯಾದಲ್ಲಿ ಮೊದಲು ಗುರುತಿಸಿದ ರೋಗ 2018ರಲ್ಲಿ ಚೀನಾಕ್ಕೆ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಕ್ಕೆ ಬಂತು. 2022ರ ಜುಲೈನಲ್ಲಿ ಕೇರಳದ ವಯನಾಡಿನ ಮಾನಂದವಾಡಿಯಲ್ಲಿ ಕಾಣಿಸಿತು. ಮಾನಂದವಾಡಿ ಎಂದರೆ ನಮ್ಮ ಕೊಡಗಿನ ಬೇಲಿಯಾಚೆ. ನಮ್ಮ ಹಂದಿ ಕೊಳ್ಳಲು ಬರುವ ಗೋವಾ, ಕೇರಳದ ಗಾಡಿಗಳು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಎಷ್ಟು ದೊಡ್ಡಿಗಳನ್ನು ಮುಟ್ಟಿ ಬರುತ್ತವೆ ಎಂದು ಯೋಚಿಸಿದರೆ ದೂರದ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ಎರಡೂ ಜ್ವರಗಳ ಲಕ್ಷಣ ಹೆಚ್ಚು ಕಡಿಮೆ ಒಂದೇ. ಮೈ ಕಾದಿರುತ್ತದೆ, ಮೇವು ಬಿಡುತ್ತವೆ, ಒಂದರ ಮೇಲೊಂದು ಗುಂಪಾಗಿ ಬಿದ್ದುಕೊಳ್ಳುತ್ತವೆ, ಕಿವಿ, ಬಾಲ, ಹೊಟ್ಟೆಯ ಅಡಿ ಕೆಂಪಾಗಿ ನೀಲಿಗೆ ತಿರುಗುತ್ತದೆ, ಗಬ್ಬದ ಹಂದಿ ಕಂದು ಹಾಕುತ್ತದೆ. ಕಣ್ಣಿನಿಂದ ನೋಡಿ ‘ಇದು ಆ ಜ್ವರವಲ್ಲ, ಈ ಜ್ವರ’ ಎಂದು ಹೇಳುವವರು ಯಾರೇ ಇದ್ದರೂ ನಂಬಬೇಡಿ. ಆಫ್ರಿಕನ್ ಜ್ವರವನ್ನು ಖಚಿತಪಡಿಸುವುದು ಪ್ರಯೋಗಾಲಯ. ಅಂತಿಮ ಮಾತು ಭೋಪಾಲದ ಉನ್ನತ ಭದ್ರತಾ ಪಶುರೋಗ ಸಂಸ್ಥೆಯದು.

ಹೆಜ್ಜೆ 1: ನೀವು ಇದ್ದೀರಿ ಎಂದು ಸರ್ಕಾರಕ್ಕೆ ಗೊತ್ತಾಗಲಿ

ನಮ್ಮ ಕಡೆಯ ಬಹುಪಾಲು ಹಂದಿಗಳು ಕಾಗದದಲ್ಲಿ ಹುಟ್ಟಿಯೇ ಇರುವುದಿಲ್ಲ. 2019ರ 20ನೇ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು 90.6 ಲಕ್ಷ, ಹಿಂದಿನ ಗಣತಿಗಿಂತ ಶೇ 12ರಷ್ಟು ಕಡಿಮೆ. ಹುಬ್ಬಳ್ಳಿಯ ಗಟಾರದಂಚಿನಲ್ಲಿ ಅಲೆಯುವ ಹಂದಿಗೆ ಒಡೆಯ ಇದ್ದಾನೆ, ಆದರೆ ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪಾಲಿಕೆ ಹಿಡಿದುಕೊಂಡು ಹೋದಾಗ ಮಾತ್ರ ಅವನು ಓಡಿ ಬರುತ್ತಾನೆ. ಈ ಸ್ಥಿತಿಯಲ್ಲಿರುವವರಿಗೆ ಮುಂದಿನ ಯಾವ ಹೆಜ್ಜೆಯೂ ಉಪಯೋಗಕ್ಕೆ ಬರುವುದಿಲ್ಲ. ನಗರದ ವಸತಿ ಪ್ರದೇಶದಲ್ಲಿ ಬಿಟ್ಟು ಸಾಕುವ ಪದ್ಧತಿ ಮುಂದುವರಿಸಿ ಸಹಾಯಧನವನ್ನೂ ಕೇಳುವುದು ಆಗದ ಮಾತು. ಊರ ಹೊರಗೆ ಸ್ವಂತ ಇಲ್ಲವೇ ಗುತ್ತಿಗೆಯ ತುಂಡು ಜಾಗ ಬೇಕು.

ನಿಮ್ಮ ವ್ಯಾಪ್ತಿಯ ಪಶು ಆಸ್ಪತ್ರೆಗೆ ಹೋಗಿ ವೈದ್ಯಾಧಿಕಾರಿಯ ಬಳಿ ನಿಮ್ಮ ಘಟಕದ ವಿವರ ಬರೆಸಿ. ಸಾಕುವ ದೊಡ್ಡ ಹಂದಿಗಳಿಗೆ 12 ಅಂಕಿಯ ಗುರುತಿನ ಕಿವಿಯೋಲೆ ಹಾಕಿಸಿ. ಗ್ರಾಮ ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಳ್ಳಿ. ಇದರಲ್ಲಿ ಜಗಳ ಬರುವುದು ಸಹಜ. ವಾಸನೆಯ ಬಗ್ಗೆ ಪಕ್ಕದ ಹೊಲದವರು ತಕರಾರು ತೆಗೆಯುತ್ತಾರೆ. ಸಗಣಿ ಗುಂಡಿಯನ್ನು ಗಾಳಿ ಬೀಸುವ ದಿಕ್ಕು ನೋಡಿ ತೋಡಿದ್ದರೆ ಅರ್ಧ ತಕರಾರು ಅಲ್ಲಿಯೇ ಮುಗಿಯುತ್ತದೆ. ಪಹಣಿ ಅಥವಾ ನೋಂದಾಯಿತ ಗುತ್ತಿಗೆ ಪತ್ರ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಅನ್ವಯವಾಗುವವರಿಗೆ ಜಾತಿ ಪ್ರಮಾಣಪತ್ರ, ಇವೆಲ್ಲ ಒಂದೇ ಕಡತದಲ್ಲಿರಲಿ. ಎಲ್ಲ ಕಡೆಯೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಪಹಣಿಯಲ್ಲಿ ಅಪ್ಪನ ಹೆಸರು, ಆಧಾರಿನಲ್ಲಿ ಅಡ್ಡಹೆಸರು ಇದ್ದುದರಿಂದಲೇ ನನ್ನ ಅರ್ಜಿ ಎರಡು ತಿಂಗಳು ಕದಲಲಿಲ್ಲ.

ಇದೇ ದಿನದಿಂದ ಒಂದು ನೂರು ಪುಟದ ನೋಟ್‌ಬುಕ್ ಶುರು ಮಾಡಿ. ಹುಟ್ಟಿದ್ದು, ಸತ್ತದ್ದು, ಮಾರಿದ್ದು, ಕೊಂಡದ್ದು, ಲಸಿಕೆ ಹಾಕಿಸಿದ್ದು, ಒಳಗೆ ಬಂದ ಗಾಡಿಯ ನಂಬರು. ದಿನಕ್ಕೆ ಎರಡು ಸಾಲು ಸಾಕು. ವಿಮೆಯವರಿಗೂ ಬ್ಯಾಂಕಿನವರಿಗೂ ಪರಿಹಾರದ ತಂಡಕ್ಕೂ ತೋರಿಸಲು ನಿಮ್ಮ ಬಳಿ ಇರುವ ಸಾಕ್ಷಿ ಈ ಪುಸ್ತಕ ಒಂದೇ.

ಹೆಜ್ಜೆ 2: ನಿಮ್ಮ ಗಾತ್ರಕ್ಕೆ ತಕ್ಕ ಬಾಗಿಲು

50 ತಾಯಿ ಹಂದಿ ಮತ್ತು 5 ಗಂಡು ಹಂದಿ ಸಾಕುವ ಶಕ್ತಿ ನಿಮಗಿದ್ದರೆ ರಾಷ್ಟ್ರೀಯ ಜಾನುವಾರು ಮಿಷನ್ ನೋಡಿ. 2021–22ರಲ್ಲಿ ಮರುರೂಪಗೊಂಡ ಈ ಕೇಂದ್ರ ಯೋಜನೆ ಯೋಜನಾ ವೆಚ್ಚದ ಶೇ 50ರಷ್ಟನ್ನು ಬಂಡವಾಳ ಸಹಾಯಧನವಾಗಿ ಕೊಡುತ್ತದೆ: 50ಕ್ಕೆ 5ರ ಘಟಕಕ್ಕೆ ಗರಿಷ್ಠ 15 ಲಕ್ಷ ರೂಪಾಯಿ, 100ಕ್ಕೆ 10ರ ಘಟಕಕ್ಕೆ ಗರಿಷ್ಠ 30 ಲಕ್ಷ. ಒಬ್ಬ ವ್ಯಕ್ತಿ, ಸ್ವಸಹಾಯ ಸಂಘ, ರೈತ ಉತ್ಪಾದಕ ಸಂಸ್ಥೆ, ಜಂಟಿ ಹೊಣೆಗಾರಿಕೆ ಗುಂಪು ಯಾರು ಬೇಕಾದರೂ ಅರ್ಜಿ ಹಾಕಬಹುದು. ಜಮೀನು ಕೊಳ್ಳಲು, ಬಾಡಿಗೆಗೆ, ಸ್ವಂತ ಕಾರಿಗೆ, ದಿನನಿತ್ಯದ ಮೇವಿಗೆ ಈ ಹಣ ಸಿಗದು. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಪಶುಪಾಲನಾ ಇಲಾಖೆಯ ತಾಲ್ಲೂಕು ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ ಓದಿಯೇ ಮುಂದುವರಿಯಿರಿ, ಏಕೆಂದರೆ ಸಣ್ಣಪುಟ್ಟ ಷರತ್ತುಗಳು ಬದಲಾಗುತ್ತಲೇ ಇರುತ್ತವೆ.

ಹತ್ತು, ಇಪ್ಪತ್ತು ಹಂದಿಯವರು ಏನು ಮಾಡಬೇಕು? ನಮ್ಮ ಮೂರು ಜಿಲ್ಲೆಗಳಲ್ಲಿ ಇರುವವರು ಬಹುತೇಕ ಅವರೇ. 15 ಲಕ್ಷದ ಆಸೆಗೆ ಹತ್ತರಿಂದ ಒಮ್ಮೆಲೇ ಐವತ್ತಕ್ಕೆ ಜಿಗಿಯಬೇಡಿ ಎಂಬುದು ನನ್ನ ಮಾತು. ಐವತ್ತು ತಾಯಿ ಹಂದಿ ಎಂದರೆ ವರ್ಷವಿಡೀ ಸಾಲುಗಟ್ಟಿ ಬರುವ ನೂರಾರು ಮರಿಗಳು. ಅಷ್ಟನ್ನು ಮೇಯಿಸುವ ಜೋಳ, ನೀರು, ಕೈಯಾಳು ಇಲ್ಲದೆ ರೋಗಕ್ಕೆ ಮೊದಲೇ ಸಾಲ ಕೊಲ್ಲುತ್ತದೆ. ಚಿಕ್ಕವರಿಗೆ ಸರಿಯಾದ ದಾರಿ ಕಿಸಾನ್ ಕ್ರೆಡಿಟ್ ಕಾರ್ಡ್. 2018–19ರಿಂದ ಇದು ಪಶುಸಂಗೋಪನೆಗೂ ಸಿಗುತ್ತಿದೆ. ಅಡಮಾನವಿಲ್ಲದ ಸಾಲದ ಮಿತಿ 2025ರ ಜನವರಿ 1ರಿಂದ 2 ಲಕ್ಷ ರೂಪಾಯಿ. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ಶೇ 7ರ ಬಡ್ಡಿಯಲ್ಲಿ ಶೇ 3 ರಿಯಾಯಿತಿ ಸಿಕ್ಕಿ ಶೇ 4 ಮಾತ್ರ ಬೀಳುತ್ತದೆ. ಮೇವು, ಔಷಧ, ಸೋಂಕುನಿವಾರಕ, ವಿಮೆಯ ಕಂತು ಎಲ್ಲಕ್ಕೂ ಇದನ್ನು ಬಳಸಬಹುದು. ರೋಗ ತಡೆಯ ದಿನನಿತ್ಯದ ಖರ್ಚಿಗೆ ಇದಕ್ಕಿಂತ ಅಗ್ಗದ ದುಡ್ಡು ನನಗೆ ಕಂಡಿಲ್ಲ.

ಮಾಂಸ ಸಂಸ್ಕರಣೆ, ಪಶು ಆಹಾರ ಕಾರ್ಖಾನೆ ಎಂಬ ದೊಡ್ಡ ಕನಸಿನವರಿಗೆ ಪಶುಸಂಗೋಪನಾ ಮೂಲಸೌಕರ್ಯ ಅಭಿವೃದ್ಧಿ ನಿಧಿ ಇದೆ, ಸಾಲದ ಬಡ್ಡಿಯಲ್ಲಿ ಶೇ 3 ಕೇಂದ್ರ ಭರಿಸುತ್ತದೆ. ಅವರಿಗೆ ಲೆಕ್ಕಪರಿಶೋಧಕರು ಇರುತ್ತಾರೆ, ಈ ಬರಹ ಬೇಕಾಗಲಾರದು.

ಹೆಜ್ಜೆ 3: ಯೋಜನಾ ವರದಿಯೊಳಗೆ ರೋಗ ತಡೆಯನ್ನು ಸೇರಿಸುವುದು

ಇಡೀ ಬರಹದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಮಿಷನ್‌ನ ಹಣ ಶೆಡ್ಡಿಗೆ, ತಳಿ ಹಂದಿಗೆ, ಸಲಕರಣೆಗೆ ಬರುತ್ತದೆ. ಯೋಜನಾ ವರದಿ ಬರೆದುಕೊಡುವವರು ಹಳೆಯ ವರದಿಯೊಂದರ ಹೆಸರು ಬದಲಿಸಿ ಕೊಡುತ್ತಾರೆ. ಅದರಲ್ಲಿ ಶೆಡ್ಡಿನ ಚದರಡಿ, ಹಂದಿಯ ಬೆಲೆ, ಮೇವಿನ ಲೆಕ್ಕ ಇರುತ್ತದೆ. ಬೇಲಿ ಇರುವುದಿಲ್ಲ, ಗಾಡಿ ತೊಳೆಯುವ ಕಟ್ಟೆ ಇರುವುದಿಲ್ಲ. ಆಮೇಲೆ ಅವನ್ನು ಕೈಯಿಂದ ಹಾಕಿ ಕಟ್ಟಲು ಯಾರ ಬಳಿಯೂ ದುಡ್ಡು ಉಳಿದಿರುವುದಿಲ್ಲ. ಅದಕ್ಕೆ ಕಟ್ಟಡ ಮತ್ತು ಸಲಕರಣೆಯ ತಲೆಬರಹದಡಿಯಲ್ಲಿಯೇ ಈ ಕೆಳಗಿನವನ್ನು ಬರೆಸಿ, ಬ್ಯಾಂಕಿನವರೂ ಇಲಾಖೆಯವರೂ ಒಪ್ಪುವಂತೆ ನಕ್ಷೆಯಲ್ಲಿ ಗುರುತು ಹಾಕಿಸಿ.

ಮೊದಲನೆಯದು ಸುತ್ತಬೇಲಿ. ಕಲಘಟಗಿ, ಹಾನಗಲ್ ಕಡೆಯ ಗೋವಿನಜೋಳದ ಹೊಲಗಳಿಗೆ ಕಾಡುಹಂದಿ ನುಗ್ಗುವುದನ್ನು ನೋಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಕಾಡುಹಂದಿಗೂ ಈ ಜ್ವರ ಬರುತ್ತದೆ, ಅದು ನಮ್ಮ ಹಂದಿಯ ಮೂತಿ ಮುಟ್ಟಿದರೆ ಮುಗಿಯಿತು. ಬೇಲಿಯ ಬುಡ ನೆಲದೊಳಗೆ ಒಂದಡಿಯಾದರೂ ಇಳಿದಿರಬೇಕು, ಇಲ್ಲವಾದರೆ ತೋಡಿಕೊಂಡು ಬರುತ್ತವೆ. ಎರಡನೆಯದು ಪ್ರತ್ಯೇಕ ಶೆಡ್. ಹೊಸದಾಗಿ ಕೊಂಡು ತಂದ ಹಂದಿಯನ್ನು 30 ದಿನ ಅಲ್ಲಿಯೇ ಇಡಬೇಕು. ಆಫ್ರಿಕನ್ ಜ್ವರದ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 4ರಿಂದ 19 ದಿನ ಬೇಕಾಗುತ್ತದೆ, ಆದ್ದರಿಂದ ವಾರಕ್ಕೇ ಒಳಗೆ ಬಿಟ್ಟರೆ ಪ್ರತ್ಯೇಕ ಇಟ್ಟದ್ದಕ್ಕೆ ಬೆಲೆಯಿಲ್ಲ. ಈ ಶೆಡ್ಡಿನ ಬಕೆಟ್ಟು, ಸಲಿಕೆ, ಬೂಟು ಎಲ್ಲವೂ ಬೇರೆಯೇ ಇರಲಿ, ಬಣ್ಣ ಹಚ್ಚಿ ಗುರುತು ಮಾಡಿ. ಮೂರನೆಯದು ಗೇಟಿನ ಹೊರಗಿನ ಮಾರಾಟದ ಕಟ್ಟೆ: ಗಾಡಿ ಹೊರಗೇ ನಿಲ್ಲುತ್ತದೆ, ಹಂದಿ ಓಣಿಯಂಥ ದಾರಿಯಲ್ಲಿ ಕಟ್ಟೆಗೆ ಬಂದು ಏರುತ್ತದೆ, ಕೊಳ್ಳುವವರ ಕಾಲು ಒಳಗೆ ಬೀಳುವುದಿಲ್ಲ. ಇದೊಂದನ್ನು ಕಟ್ಟಿದ ಮೇಲೆ ನನಗೆ ನಿದ್ದೆ ಚೆನ್ನಾಗಿ ಬರತೊಡಗಿತು. ನಾಲ್ಕನೆಯದು ಗಾಡಿಯ ಚಕ್ರ ಮುಳುಗುವ ತೊಟ್ಟಿ, ಕಾಲು ಅದ್ದುವ ತೊಟ್ಟಿ, ಒತ್ತಡದಿಂದ ನೀರು ಹಾರಿಸುವ ಪಂಪು. ಐದನೆಯದು ಮೇವು ಬೇಯಿಸುವ ದೊಡ್ಡ ಒಲೆ ಮತ್ತು ಕಡಾಯಿ, ಹೋಟೆಲ್ ಮುಸುರೆ ತರುವವರಾದರೆ.

ಹೆಜ್ಜೆ 4: ಅರ್ಜಿ

ತರಬೇತಿಯ ಪ್ರಮಾಣಪತ್ರ ಅಥವಾ ಸಾಕಿದ ಅನುಭವದ ದಾಖಲೆ ಕೇಳುತ್ತಾರೆ. ಧಾರವಾಡದ ಸೈದಾಪುರ, ಗದಗದ ಹುಲಕೋಟಿ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಇಲ್ಲವೇ ಪಶುಪಾಲನಾ ಇಲಾಖೆಯಲ್ಲಿ, ಹಂದಿ ಸಾಕಣೆ ತರಬೇತಿ ಯಾವಾಗ ಎಂದು ಮೊದಲೇ ವಿಚಾರಿಸಿಡಿ.

ಅರ್ಜಿ ಹಾಕುವುದು ಮಿಷನ್‌ನ ಉದ್ಯಮಿಮಿತ್ರ ಜಾಲತಾಣದಲ್ಲಿ. ಮೊಬೈಲಿಗೆ ಬರುವ ಗುಪ್ತ ಸಂಖ್ಯೆ ಕೊಟ್ಟು ಒಳಹೊಕ್ಕು, ದಾಖಲೆ ಮತ್ತು ಯೋಜನಾ ವರದಿ ಏರಿಸಬೇಕು. ಅರ್ಜಿಯನ್ನು ರಾಜ್ಯದ ಅನುಷ್ಠಾನ ಸಂಸ್ಥೆ ಪರಿಶೀಲಿಸುತ್ತದೆ, ಬ್ಯಾಂಕ್ ಸಾಲ ಮಂಜೂರು ಮಾಡುತ್ತದೆ, ರಾಜ್ಯ ಮಟ್ಟದ ಸಮಿತಿ ಶಿಫಾರಸು ಮಾಡುತ್ತದೆ, ಕೇಂದ್ರ ಒಪ್ಪಿಗೆ ಕೊಡುತ್ತದೆ. ಸಹಾಯಧನ ಎರಡು ಸಮ ಕಂತುಗಳಲ್ಲಿ ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ (ಸಿಡ್ಬಿ) ಮೂಲಕ ಬರುತ್ತದೆ: ಬ್ಯಾಂಕ್ ಸಾಲದ ಮೊದಲ ಕಂತು ಬಿಡುಗಡೆಯಾಗಿ ಖರ್ಚಿನ ಪರಿಶೀಲನೆ ಮುಗಿದ ಮೇಲೆ ಅರ್ಧ, ಘಟಕ ಪೂರ್ಣವಾಗಿ ತಪಾಸಣೆ ಆದ ಮೇಲೆ ಉಳಿದರ್ಧ. ಎಂದರೆ ನಡುವೆ ತಿಂಗಳುಗಟ್ಟಲೆ ನಿಮ್ಮ ಕೈದುಡ್ಡು ಓಡಬೇಕು. ಇದನ್ನು ಮರೆತು ಮೊದಲೇ ಹಂದಿ ತಂದು ಕಟ್ಟಿಕೊಂಡವರು ಮೇವಿಗೆ ಬಡ್ಡಿ ಸಾಲ ಮಾಡಿದ್ದನ್ನು ನೋಡಿದ್ದೇನೆ. ಬೇಲಿ, ಪ್ರತ್ಯೇಕ ಶೆಡ್ ಮೊದಲು, ಹಂದಿ ಕೊನೆಗೆ.

ಕಷ್ಟದ ಗಂಟು ಇರುವುದು ಬ್ಯಾಂಕಿನಲ್ಲಿ. ಹಂದಿ ಎಂದೊಡನೆ ವ್ಯವಸ್ಥಾಪಕರ ಮುಖ ಸಣ್ಣಗಾಗುತ್ತದೆ. ನಾನು ಹೋದ ಮೊದಲ ಬ್ಯಾಂಕಿನಲ್ಲಿ ‘ಎಮ್ಮೆ ಹಾಕಿ, ಕೊಡೋಣ’ ಎಂದರು. ಎರಡನೆಯ ಕಡೆ ನನ್ನ ನೋಟ್‌ಬುಕ್ ಮೇಜಿನ ಮೇಲಿಟ್ಟೆ. ಮೂರು ವರ್ಷದ ಹುಟ್ಟು, ಸಾವು, ಮಾರಾಟ ಅದರಲ್ಲಿತ್ತು. ಅವರು ವರದಿಯನ್ನು ಬದಿಗಿಟ್ಟು ಅದನ್ನೇ ಅರ್ಧ ಗಂಟೆ ತಿರುವಿದರು. ‘ರೋಗ ಬಂದರೆ ನಮ್ಮ ಸಾಲದ ಗತಿ?’ ಎಂದು ಕೇಳಿದಾಗ ನಕ್ಷೆಯಲ್ಲಿನ ಬೇಲಿಯನ್ನೂ ಕಟ್ಟೆಯನ್ನೂ ತೋರಿಸಿದೆ. ರೋಗ ತಡೆಯ ಖರ್ಚನ್ನು ವರದಿಯಲ್ಲಿ ಸೇರಿಸಿದ್ದರಿಂದ ಸಾಲ ಹೆಚ್ಚಾಯಿತು, ಆದರೆ ಸಾಲ ಸಿಕ್ಕಿದ್ದೂ ಅದರಿಂದಲೇ.

ಹೆಜ್ಜೆ 5: ಲಸಿಕೆ ಮತ್ತು ವಿಮೆ

ಕೆಲವು ವರ್ಷಗಳ ಹಿಂದೆ ನನ್ನಲ್ಲಿ 12 ತಾಯಿ ಹಂದಿಗಳಿದ್ದಾಗ ಕ್ಲಾಸಿಕಲ್ ಜ್ವರ ಬಂದು ಹದಿನೈದು ದಿನದಲ್ಲಿ 9 ಸತ್ತವು. ಲಸಿಕೆ ಇತ್ತು, ಹಾಕಿಸಿರಲಿಲ್ಲ. ಸುಗ್ಗಿ ಮುಗಿಯಲಿ ಎಂದು ಕಾದಿದ್ದೆ. ಈ ತಪ್ಪಿಗೆ ಬೇರೆ ಯಾರನ್ನೂ ದೂರುವಂತಿಲ್ಲ.

ಕ್ಲಾಸಿಕಲ್ ಜ್ವರದ ಲಸಿಕೆಗೆ ಕೇಂದ್ರದ ಜಾನುವಾರು ಆರೋಗ್ಯ ಮತ್ತು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಹಣ ಇದೆ, ರೈತರು ಕೊಡಬೇಕಾದ್ದಿಲ್ಲ. ಆದರೆ ಲಸಿಕೆ ತಾನಾಗಿ ಮನೆಗೆ ಬರುವುದಿಲ್ಲ. ನಿಮ್ಮ ಊರಿನ ಹಂದಿಗಳ ಒಟ್ಟು ಸಂಖ್ಯೆಯನ್ನು ಬರೆದು, ಎಲ್ಲ ಸಾಕಣೆದಾರರ ಸಹಿ ಹಾಕಿಸಿ, ಪಶು ಆಸ್ಪತ್ರೆಗೆ ಬೇಡಿಕೆ ಪತ್ರ ಕೊಡಿ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಡಿಯಾಗಿ ಹೋದ ಒಬ್ಬನಿಗೆ ಇಲ್ಲ ಎನ್ನುವುದು ಸುಲಭ, ಇನ್ನೂರು ಹಂದಿಯ ಪತ್ರಕ್ಕೆ ಇಲ್ಲ ಎನ್ನುವುದು ಕಷ್ಟ. ಸಾಮಾನ್ಯವಾಗಿ ಮರಿಗೆ ಎರಡು ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವರ್ಷಕ್ಕೊಮ್ಮೆ. ದಿನ ನಿಗದಿ ಮಾಡುವುದನ್ನು ವೈದ್ಯರಿಗೆ ಬಿಡಿ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗೆ ತಂದ ಲಸಿಕೆ ನೀರಿಗೆ ಸಮ. ಕಾಲುಬಾಯಿ ಜ್ವರ ಹಂದಿಗೂ ಬರುತ್ತದೆ ಎಂಬುದನ್ನು ವೈದ್ಯರಿಗೆ ನೆನಪಿಸಿ, ಅದರ ಲಸಿಕೆಯನ್ನೂ ಕೇಳಿ.

ವಿಮೆಯ ಕಂತಿನಲ್ಲಿ 2024ರ ಫೆಬ್ರುವರಿಯ ತೀರ್ಮಾನದ ಪ್ರಕಾರ ಸಾಕಣೆದಾರರ ಪಾಲು ಶೇ 15 ಮಾತ್ರ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60ಕ್ಕೆ 40ರಂತೆ ಹಂಚಿಕೊಳ್ಳುತ್ತವೆ. ಒಬ್ಬರಿಗೆ ಎಷ್ಟು ಪ್ರಾಣಿ ಎಂಬ ಮಿತಿ ಇದೆ, ಆದ್ದರಿಂದ ತಾಯಿ ಹಂದಿ ಮತ್ತು ಗಂಡು ಹಂದಿಗಳಿಗೆ ಮೊದಲು ಮಾಡಿಸಿ. ಪಾಲಿಸಿ ಕೈಗೆ ಬಂದಾಗ ಮೂರು ಸಂಗತಿ ಹುಡುಕಿ: ಆರಂಭದ ಎಷ್ಟು ದಿನ ರೋಗದ ಸಾವಿಗೆ ಹಣ ಇಲ್ಲ, ಲಸಿಕೆಯ ದಾಖಲೆ ಬೇಕೇ, ಸರ್ಕಾರದ ಆದೇಶದಂತೆ ಕೊಂದ ಹಂದಿಗೆ ಹಣ ಇದೆಯೇ. ಮೂರನೆಯದಕ್ಕೆ ಬಾಯಿಮಾತಿನ ಉತ್ತರ ಒಪ್ಪಬೇಡಿ, ಬರಹದಲ್ಲಿ ಕೇಳಿ. ಕಿವಿಯೋಲೆ ಬಿದ್ದ ದಿನವೇ ತಿಳಿಸಿ ಹೊಸದು ಹಾಕಿಸಿ. ಸತ್ತ ನನ್ನ ಒಂಬತ್ತರಲ್ಲಿ ಮೂರಕ್ಕೆ ವಿಮೆ ಇತ್ತು, ಎರಡರ ಓಲೆ ಬಿದ್ದುಹೋಗಿತ್ತು. ಒಂದಕ್ಕೆ ಮಾತ್ರ ಹಣ ಬಂತು.

ಹೆಜ್ಜೆ 6: ಸೋಡಾ, ಬೂಟು, ಮುಸುರೆ

ಕಟ್ಟಿಸಿದ್ದನ್ನು ಬಳಸದಿದ್ದರೆ ಅದು ತಪಾಸಣೆಯ ದಿನದ ಫೋಟೊಗೆ ಮಾತ್ರ. ಕಾಲು ಅದ್ದುವ ತೊಟ್ಟಿಗೆ ಶೇ 2ರ ಕಾಸ್ಟಿಕ್ ಸೋಡಾ ದ್ರಾವಣ ಸಾಕು: 100 ಲೀಟರ್ ನೀರಿಗೆ 2 ಕೆ.ಜಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಅಲ್ಯೂಮಿನಿಯಂ ಪಾತ್ರೆ ಮುಟ್ಟಿಸಬೇಡಿ.

ನಮ್ಮ ಎರೆ ಮಣ್ಣಿನ ಸೀಮೆಗೆ ಒಂದು ಎಚ್ಚರಿಕೆ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಮಳೆ ಬಿದ್ದ ಮೇಲೆ ಬೂಟಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಆ ಮಣ್ಣಿನೊಳಗಿನ ಸಗಣಿಗೆ ಸೋಂಕುನಿವಾರಕ ತಲುಪುವುದೇ ಇಲ್ಲ. ಮೊದಲು ಬ್ರಷ್ಷಿನಿಂದ ತೊಳೆದು, ಆಮೇಲೆ ತೊಟ್ಟಿಗೆ ಕಾಲಿಡಬೇಕು. ತೊಟ್ಟಿಯ ನೀರು ಕೆಸರಾದ ದಿನವೇ ಚೆಲ್ಲಿ ಹೊಸದು ಮಾಡಿ. ಇನ್ನೂ ಸರಳ ಉಪಾಯ ಒಳಗೊಂದು, ಹೊರಗೊಂದು ಬೂಟು ಇಡುವುದು. ನಾನು ಅದನ್ನೇ ಮಾಡುತ್ತೇನೆ, ತೊಟ್ಟಿಯನ್ನು ನೆಂಟರಿಗೆ ಬಿಟ್ಟಿದ್ದೇನೆ.

ಮುಸುರೆಯ ಮಾತು ಬಂದರೆ ಹುಬ್ಬಳ್ಳಿ–ಧಾರವಾಡದ ಸಾಕಣೆದಾರರಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರ ಲಾಭ ನಿಂತಿರುವುದೇ ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳ ಉಳಿಕೆಯ ಮೇಲೆ. ಬಿಡಿ ಎಂದು ನಾನು ಹೇಳುವುದಿಲ್ಲ, ಬೇಯಿಸಿ ಎಂದು ಹೇಳುತ್ತೇನೆ. ಆಫ್ರಿಕನ್ ಜ್ವರದ ವೈರಾಣು ಉಪ್ಪು ಹಚ್ಚಿದ, ತಣ್ಣಗೆ ಗಟ್ಟಿ ಮಾಡಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಮುಸುರೆಯಲ್ಲಿ ಒಂದು ತುಂಡು ಹಂದಿ ಮಾಂಸ ಇದ್ದರೆ ಸಾಕು. 90 ಡಿಗ್ರಿ ಶಾಖದಲ್ಲಿ, ಕೈಯಾಡಿಸುತ್ತಾ, 60 ನಿಮಿಷ ಬೇಯಿಸಬೇಕು ಎಂಬುದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನದಂಡ. ಒಂದು ಕುದಿ ಬಂತೆಂದು ಇಳಿಸಿದರೆ ನಡುವಿನ ಗಟ್ಟಿ ಅನ್ನ ಬೆಚ್ಚಗೂ ಆಗಿರುವುದಿಲ್ಲ. ಸೌದೆಯ ಖರ್ಚು ಹೆಚ್ಚು ಎನ್ನುವವರು ಹಾವೇರಿ, ರಾಣೆಬೆನ್ನೂರು ಮಾರುಕಟ್ಟೆಯ ಗೋವಿನಜೋಳದ ಬೆಲೆಯನ್ನು ಸುಗ್ಗಿಯಲ್ಲಿ ಒಮ್ಮೆ ಪಕ್ಕದಲ್ಲಿಟ್ಟು ನೋಡಲಿ. ಹಸಿ ಮುಸುರೆ ಪಾತ್ರೆ ಮತ್ತು ಬೆಂದ ಮುಸುರೆ ಪಾತ್ರೆ ಎರಡೂ ಒಂದೇ ಆಗಿದ್ದರೆ ಬೇಯಿಸಿದ್ದೂ ವ್ಯರ್ಥ.

ಹೆಜ್ಜೆ 7: ಜ್ವರ ಬಂತೆಂದು ಅನುಮಾನ ಬಂದ ದಿನ

ಅಂದು ಮಾಡಬೇಕಾದ ಮೊದಲ ಕೆಲಸ ಗೇಟು ಮುಚ್ಚುವುದು, ಎರಡನೆಯದು ಫೋನು ಮಾಡುವುದು. ಪಶು ಆಸ್ಪತ್ರೆಗೆ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆಂದು 2009ರಲ್ಲಿ ಬಂದ ಕಾಯ್ದೆಯಂತೆ ಅಧಿಸೂಚಿತ ರೋಗದ ಅನುಮಾನ ಬಂದರೂ ತಿಳಿಸುವುದು ಒಡೆಯನ ಕರ್ತವ್ಯ. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಎರಡು ಸತ್ತೊಡನೆ ಉಳಿದವನ್ನು ರಾತ್ರೋರಾತ್ರಿ ಸಿಕ್ಕ ಬೆಲೆಗೆ ಗಾಡಿಗೆ ಹೇರುತ್ತಾರೆ, ಸತ್ತದ್ದನ್ನು ಹಳ್ಳಕ್ಕೆ ಎಸೆಯುತ್ತಾರೆ. ಬೆಣ್ಣೆಹಳ್ಳದ ನೀರು ಎಷ್ಟು ಊರು ಸುತ್ತುತ್ತದೆ ಎಂದು ಆ ಹೊತ್ತಿನಲ್ಲಿ ಯಾರೂ ಎಣಿಸುವುದಿಲ್ಲ.

ಕಾಯ್ದೆಯ ಭಯ ಬೇಡವೆಂದರೆ ದುಡ್ಡಿನ ಲೆಕ್ಕ ನೋಡಿ. ಆಫ್ರಿಕನ್ ಜ್ವರ ಖಚಿತವಾದರೆ ಸುತ್ತಲಿನ 1 ಕಿ.ಮೀ. ವ್ಯಾಪ್ತಿಯ ಹಂದಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಕೊಂದ ಹಂದಿಗೆ ಪರಿಹಾರ ಇದೆ, ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. ಕೇಂದ್ರದ ಮಾರ್ಗಸೂಚಿಯ ದರ ಹೀಗಿದೆ: 15 ಕೆ.ಜಿ.ವರೆಗಿನ ಮರಿಗೆ 2,200 ರೂಪಾಯಿ, 15ರಿಂದ 40 ಕೆ.ಜಿ.ಗೆ 5,800, 40ರಿಂದ 70ಕ್ಕೆ 8,400, 70ರಿಂದ 100ಕ್ಕೆ 12,000, ಅದಕ್ಕೂ ಮೇಲ್ಪಟ್ಟದ್ದಕ್ಕೆ 15,000. ಸರ್ಕಾರ ಕೊಲ್ಲುವ ಮೊದಲೇ ತಾನಾಗಿ ಸತ್ತ ಹಂದಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. 50 ತಾಯಿ ಹಂದಿ, 5 ಗಂಡು ಹಂದಿ ಇರುವ ಫಾರಂ ಮೊದಲ ಸಾವಿನಂದೇ ತಿಳಿಸಿದರೆ ಹೆಚ್ಚು ಕಡಿಮೆ 8 ಲಕ್ಷ ರೂಪಾಯಿ, ಮರಿಗಳದ್ದು ಬೇರೆ. ಹತ್ತು ದಿನ ಮುಚ್ಚಿಟ್ಟು 30 ಸತ್ತ ಮೇಲೆ ತಿಳಿಸಿದರೆ ಅದರಲ್ಲಿ ನಾಲ್ಕೂವರೆ ಲಕ್ಷ ಹಳ್ಳದ ಪಾಲು. ಈ ದರ ನ್ಯಾಯವೇ ಎಂದು ಕೇಳಿದರೆ, ಮಾಂಸಕ್ಕೆ ಸರಿಹೋಗಬಹುದು, ಮೂರು ಸೂಲು ಈಯ್ದ ಒಳ್ಳೆಯ ಯಾರ್ಕ್‌ಶೈರ್ ತಳಿಯ ತಾಯಿಗೆ ಖಂಡಿತ ಸಾಲದು. ವಿಮೆಯ ಆ ಮೂರನೆಯ ಪ್ರಶ್ನೆಯನ್ನು ಬರಹದಲ್ಲಿ ಕೇಳಿ ಎಂದದ್ದು ಇದಕ್ಕೇ.

ತಂಡ ಬಂದಾಗ ಪಕ್ಕದಲ್ಲಿ ನಿಂತುಕೊಳ್ಳಿ. ಪಂಚನಾಮೆಯಲ್ಲಿ ಪ್ರತಿಯೊಂದು ತೂಕದ ಗುಂಪಿನ ಸಂಖ್ಯೆ ನಿಮ್ಮ ನೋಟ್‌ಬುಕ್ಕಿಗೆ ಹೊಂದುತ್ತದೆಯೇ ನೋಡಿಯೇ ಸಹಿ ಮಾಡಿ, ಒಂದು ಪ್ರತಿ ಅಂದೇ ಪಡೆದುಕೊಳ್ಳಿ. 38 ಕಿಲೋದ ಮರಿಗೂ 42 ಕಿಲೋದ ಮರಿಗೂ ನಡುವೆ 2,600 ರೂಪಾಯಿ ಇದೆ, ಕಣ್ಣಳತೆಗೆ ಬಿಡಬೇಡಿ. ನಾಶ ಮಾಡಿದ ಮೇವಿನ ಚೀಲಗಳನ್ನೂ ಎಣಿಸಿ ಬರೆಸಿ. ಹೂಳುವ ಗುಂಡಿ ಆರಡಿಗೆ ಕಡಿಮೆ ಬೇಡ, ಬಾವಿ ಮತ್ತು ಹಳ್ಳದಿಂದ ದೂರ ಇರಲಿ, ಮೇಲೆ ಕೆಳಗೆ ಸುಣ್ಣ ಸುರಿಯಿರಿ. ಎರೆ ಹೊಲ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ನಾಯಿ ಮೂಗು ತೂರಿಸುತ್ತದೆ. ಮೇಲ್ಮುಚ್ಚಳಕ್ಕೆ ಗರಸು ಹೇರಿಸಿ, ಸುತ್ತ ಮುಳ್ಳು ಹಾಕಿ.

ಆಮೇಲೆ ಖಾಲಿ ಶೆಡ್ಡಿನ ತಿಂಗಳುಗಳು ಬರುತ್ತವೆ. ಇಲಾಖೆ ಲಿಖಿತವಾಗಿ ಒಪ್ಪುವವರೆಗೆ ಒಂದು ಮರಿಯನ್ನೂ ತರಬೇಡಿ. ತಂದಾಗಲೂ ಎರಡು ಮೂರನ್ನು ಮಾತ್ರ ಬಿಟ್ಟು, ಅವು ಬದುಕಿದವೇ ಎಂದು ನೋಡಿ. ಬ್ಯಾಂಕಿನ ಕಂತು ಮಾತ್ರ ಖಾಲಿ ಶೆಡ್ಡಿಗಾಗಿ ಕಾಯುವುದಿಲ್ಲ, ಆದ್ದರಿಂದ ಪಂಚನಾಮೆಯ ಪ್ರತಿ ಕೈಗೆ ಬಂದ ವಾರದೊಳಗೆ ಅದನ್ನು ಲಗತ್ತಿಸಿ, ಸಾಲದ ಅವಧಿ ಬದಲಿಸಿಕೊಡುವಂತೆ ಬ್ಯಾಂಕಿಗೆ ಅರ್ಜಿ ಬರೆಯಿರಿ. ಮೊದಲ ಕಂತು ತಪ್ಪಿದ ಮೇಲೆ ಬರೆದ ಅರ್ಜಿಯನ್ನು ಅವರು ಬೇರೆಯೇ ಕಣ್ಣಿನಿಂದ ಓದುತ್ತಾರೆ.